ತೋಟದ ಮನೆಗೊಂದು ಬೆಕ್ಕು: ಇಲಿ ಕಾಟಕ್ಕೆ ಹೊರಗಿನ ಬೆಕ್ಕು ಸಾಕುವುದು ಹೇಗೆ

ಜೂನ್ ಮೊದಲ ವಾರ ಮಳೆ ಹಿಡಿಯಿತು ಎಂದರೆ ನಮ್ಮ ಕಾಸರಗೋಡಿನ ಕಡೆ ತೋಟದ ಇಲಿಗಳೆಲ್ಲ ಮನೆಯ ದಾರಿ ಹಿಡಿಯುತ್ತವೆ. ಬಿಲಕ್ಕೆ ನೀರು ನುಗ್ಗುತ್ತದೆ, ಅವಕ್ಕೂ ಒಣ ಜಾಗ ಬೇಕಲ್ವಾ. ರಾತ್ರಿಯಾದರೆ ಅಟ್ಟದಲ್ಲಿ ಓಡಾಟ. ಬೆಳಗ್ಗೆ ನೋಡಿದರೆ ಅಡಿಕೆ ಗೋಣಿಯ ಮೂಲೆ ತೂತು, ಹಟ್ಟಿಯಲ್ಲಿ ಹಿಂಡಿ ಚೆಲ್ಲಿರುತ್ತದೆ, ಒಲೆಯ ಹಿಂದೆ ಹಿಕ್ಕೆ. ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲಿ 15 ವರ್ಷದಿಂದ ಇದಕ್ಕಾಗಿಯೇ ಬೆಕ್ಕು ಸಾಕುತ್ತಿದ್ದೇವೆ. ಮೊದಲ ಐದಾರು ವರ್ಷ ತಪ್ಪು ಮಾಡಿದ್ದೇ ಜಾಸ್ತಿ. ಒಂದು ವಿಷಕ್ಕೆ ಸತ್ತಿತು, ಎರಡು ಮರಿಗಳು ವಾಂತಿ ಭೇದಿಗೆ ಹೋದವು, ಒಂದು ತಂದ ಮೂರನೇ ದಿನವೇ ಕಾಣೆಯಾಯಿತು. ನಿಮ್ಮ ಮನೆಯ ಬೆಕ್ಕಿಗೆ ಹಾಗಾಗಬಾರದು ಎಂದೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ತುಳುವಿನಲ್ಲಿ ಪುಚ್ಚೆ, ಮಲಯಾಳದಲ್ಲಿ ಪೂಚ. ಯಾವ ಭಾಷೆಯ ಮನೆಗೆ ಹೋದರೂ ಬೆಕ್ಕಿನ ಬಗ್ಗೆ ಒಂದು ಮಾತು ಕೇಳಿಯೇ ಕೇಳುತ್ತೇವೆ: ಹೊಟ್ಟೆ ತುಂಬ ಹಾಕಿದರೆ ಇಲಿ ಹಿಡಿಯುವುದಿಲ್ಲ. ಇದು ತಪ್ಪು. ಈ ಒಂದು ನಂಬಿಕೆಯಿಂದ ಎಷ್ಟೋ ಬೆಕ್ಕುಗಳು ಒಣಗಿ ಸತ್ತಿವೆ. ಬೇಟೆ ಬೆಕ್ಕಿನ ಹುಟ್ಟುಗುಣ. ಊಟ ಮುಗಿಸಿ ಮೀಸೆ ನೆಕ್ಕುತ್ತಿರುವ ಬೆಕ್ಕೂ ಗೋಣಿಯ ಸಂದಿಯಲ್ಲಿ ಸರಕ್ ಎಂದರೆ ಎದ್ದು ಹೋಗುತ್ತದೆ. ಹಸಿದ ಬೆಕ್ಕು ಬೇರೆಯದೇ ದಾರಿ ಹುಡುಕುತ್ತದೆ. ಪಕ್ಕದ ಮನೆಯ ಅಡುಗೆಮನೆಗೆ ನುಗ್ಗುತ್ತದೆ, ಮೀನಿನವರ ಗಾಡಿಯ ಹಾರ್ನ್ ಕೇಳಿ ರಸ್ತೆಗೆ ಓಡುತ್ತದೆ, ಸುಲಭಕ್ಕೆ ಸಿಗುವ ಅರಣೆ, ಹಕ್ಕಿಮರಿ ತಿಂದು ಹೊಟ್ಟೆ ಹೊರೆಯುತ್ತದೆ. ಬಿಲದ ಬಾಯಿಯಲ್ಲಿ ಅರ್ಧ ಗಂಟೆ ಅಲುಗಾಡದೆ ಕೂರಬೇಕಾದರೆ ಮೈಯಲ್ಲಿ ಶಕ್ತಿ ಬೇಕು.

ಬೆಕ್ಕಿನಿಂದ ಆಗುವುದು, ಆಗದ್ದು

ಮೊದಲು ಇದನ್ನು ಸರಿಯಾಗಿ ತಿಳಿದುಕೊಳ್ಳಿ. ಸುಂಡಿಲಿ ಮತ್ತು ಇಲಿಮರಿಗಳನ್ನು ಬೆಕ್ಕು ಚೆನ್ನಾಗಿ ಹಿಡಿಯುತ್ತದೆ. ನಾತ ಬೀರುವ ಮೂಗಿಲಿಯನ್ನು ಕೊಲ್ಲುತ್ತದೆ, ಆದರೆ ತಿನ್ನುವುದಿಲ್ಲ, ಬಾಗಿಲಲ್ಲಿ ಬಿಟ್ಟು ಹೋಗುತ್ತದೆ. ಬಲಿತ ದೊಡ್ಡ ಇಲಿಯ ತಂಟೆಗೆ ಹೆಚ್ಚಿನ ಬೆಕ್ಕುಗಳು ಹೋಗುವುದಿಲ್ಲ. ಹೆಗ್ಗಣವಂತೂ ದೂರದ ಮಾತು. ಒಂದು ಕಿಲೋ ತೂಗುವ ಹೆಗ್ಗಣ ತಿರುಗಿ ಬಿದ್ದರೆ ಬೆಕ್ಕಿಗೇ ಗಾಯ. ನ್ಯೂಯಾರ್ಕಿನ ಒಂದು ಕಸ ಸಂಸ್ಕರಣೆಯ ಕಟ್ಟಡದಲ್ಲಿ ಬೀದಿ ಬೆಕ್ಕುಗಳ ಮೇಲೆ 79 ದಿನ ಕ್ಯಾಮೆರಾ ಇಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಷ್ಟು ದಿನದಲ್ಲಿ ಬೆಕ್ಕುಗಳು ಕೊಂದದ್ದು ಬರೀ 2 ಇಲಿ. ಆದರೆ ಬೆಕ್ಕು ಕಂಡ ದಿನ ಇಲಿಗಳು ಬಯಲಿಗೆ ಬರುವುದು ಕಡಿಮೆಯಾಗಿತ್ತು. ನಮ್ಮ ಮನೆಯಲ್ಲೂ ನಾನು ಕಂಡದ್ದು ಇದನ್ನೇ. ಬೆಕ್ಕು ಓಡಾಡುವ ಜಾಗದಲ್ಲಿ ಇಲಿ ಧೈರ್ಯವಾಗಿ ಗೂಡು ಕಟ್ಟುವುದಿಲ್ಲ. ಮರಿಗಳು ಬೆಳೆಯುವ ಮೊದಲೇ ಖಾಲಿಯಾಗುತ್ತವೆ. ಈಗಾಗಲೇ ಇಲಿ ತುಂಬಿ ತುಳುಕುವ ಕೊಟ್ಟಿಗೆಗೆ ಬೆಕ್ಕು ತಂದು ಬಿಟ್ಟರೆ ಮಾತ್ರ ಏನೂ ಆಗುವುದಿಲ್ಲ. ಮೊದಲು ಬೋನಿಟ್ಟು ಇಲಿ ಕಡಿಮೆ ಮಾಡಿ, ಆಮೇಲೆ ಬೆಕ್ಕು ತನ್ನಿ.

ತೆಂಗಿನ ತಲೆಯಲ್ಲಿ ಗೂಡು ಕಟ್ಟಿ ಎಳನೀರು ಕೊರೆಯುವ ಇಲಿಗೂ ಬೆಕ್ಕಿಗೂ ಸಂಬಂಧವಿಲ್ಲ. ಅದಕ್ಕೆ ಕಾಂಡದ ಸುತ್ತ, ಆಳೆತ್ತರಕ್ಕಿಂತ ಮೇಲೆ, ಒಂದೂವರೆ ಅಡಿ ಅಗಲದ ತಗಡು ಸುತ್ತಬೇಕು. ಪಕ್ಕದ ಮರದ ಮಡಲು ತಾಗುತ್ತಿದ್ದರೆ ತಗಡು ಸುತ್ತಿಯೂ ಪ್ರಯೋಜನವಿಲ್ಲ. ಕೊಕ್ಕೊ ಕಾಯಿಗೆ ಇಲಿ, ಅಳಿಲು ಎರಡರ ಕಾಟವೂ ಇದ್ದರೆ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ನಮ್ಮ ಕಾಸರಗೋಡಿನಲ್ಲೇ ಇದೆ, ಹೋಗಿ ಕೇಳುವುದು ಒಳ್ಳೆಯದು.

ಮೊದಲ ಕೆಲಸ: ವಿಷ ತೆಗೆಯಿರಿ

ಇಲಿ ಪಾಷಾಣ ಮತ್ತು ಬೆಕ್ಕು ಒಂದೇ ಹಿತ್ತಿಲಲ್ಲಿ ಇರಲೇಬಾರದು. ಅಂಗಡಿಯಲ್ಲಿ ಸಿಗುವ ಮೇಣದಂಥ ಬಣ್ಣದ ತುಂಡುಗಳಲ್ಲಿ ಬ್ರೊಮಾಡಿಯೊಲೋನ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷ ಅದು. ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ನಾಲ್ಕೈದು ದಿನ ತೂಕಡಿಸುತ್ತಾ, ಓಡಲಾರದೆ ಓಡಾಡುತ್ತದೆ. ಬೆಕ್ಕಿಗೆ ಅದಕ್ಕಿಂತ ಸುಲಭದ ಬೇಟೆ ಬೇರೆ ಇಲ್ಲ.

ನಮ್ಮ ಮೊದಲ ಬೆಕ್ಕು ಕಪ್ಪು ಬಿಳುಪಿನ ಹೆಣ್ಣು. ತೆಂಗಿನ ಬುಡದಲ್ಲಿ ತುಂಡು ಇಟ್ಟದ್ದು ನಾವೇ. ಬೆಕ್ಕು ಅದನ್ನು ತಿನ್ನುವುದಿಲ್ಲ ಎಂಬ ಧೈರ್ಯ. ಒಂದು ವಾರದ ಮೇಲೆ ಮಧ್ಯಾಹ್ನ ಜಗಲಿಯ ಮೂಲೆಯಲ್ಲಿ ಮಲಗಿದ್ದದ್ದು ಕರೆದರೂ ತಲೆ ಎತ್ತಲಿಲ್ಲ. ತುಟಿ ಸರಿಸಿ ನೋಡಿದರೆ ವಸಡು ಸುಣ್ಣದ ಹಾಗೆ ಬಿಳಿ. ಮೂಗಿನಲ್ಲಿ ಒಂದು ಹನಿ ರಕ್ತ. ಇದಕ್ಕೆ ಮದ್ದಿದೆ, ವಿಟಮಿನ್ ಕೆ1. ಬೇಗ ಕೊಟ್ಟರೆ ಬದುಕುತ್ತದೆ. ನಮಗೆ ಆಗ ಅದು ಗೊತ್ತಿರಲಿಲ್ಲ, ಸಂಜೆ ತನಕ ಕಾದೆವು. ಆದ್ದರಿಂದ ವಸಡು ಬಿಳಿಚಿಕೊಂಡ, ಸುಸ್ತಾದ ಬೆಕ್ಕನ್ನು ಕಂಡರೆ ಒಂದು ಗಂಟೆಯನ್ನೂ ಕಳೆಯಬೇಡಿ. ವಿಷದ ಪ್ಯಾಕೆಟ್ ಇದ್ದರೆ ಅದನ್ನೂ ಹಿಡಿದುಕೊಂಡು ಮೃಗಾಸ್ಪತ್ರೆಗೆ ಹೋಗಿ. ಜಿಂಕ್ ಫಾಸ್ಫೈಡ್‌ನಂಥ ಕಪ್ಪು ಪುಡಿಯಾದರೆ ಸಮಯ ಇನ್ನೂ ಕಡಿಮೆ.

ವಿಷ ಇಟ್ಟ ಜಾಗದಲ್ಲೇ ನಿಲ್ಲುವುದಿಲ್ಲ ಎಂದು ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ನಮ್ಮ ಎಣ್ಮಕಜೆ, ಬೆಳ್ಳೂರಿನ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಳಿದ ತುಂಡುಗಳನ್ನೆಲ್ಲ ಹುಡುಕಿ ತೆಗೆಯಿರಿ. ಸತ್ತ ಇಲಿ ಕಂಡರೆ ಕೈಗೆ ಪ್ಲಾಸ್ಟಿಕ್ ಹಾಕಿಕೊಂಡು ಎತ್ತಿ ಆಳಕ್ಕೆ ಹೂಳಿ. ನಾನಂತೂ ಇದೆಲ್ಲ ಮುಗಿದ ಮೇಲೆ ಒಂದು ತಿಂಗಳು ಬಿಟ್ಟೇ ಬೆಕ್ಕು ತರುವುದು. ಆಚೀಚೆ ಮನೆಯವರಿಗೂ ಮೊದಲೇ ಹೇಳಿಡಿ. "ಅಕ್ಕಾ, ನಾವು ಬೆಕ್ಕು ತರ್ತಾ ಇದ್ದೇವೆ, ಪಾಷಾಣ ಇಡುವುದಾದರೆ ಒಂದು ಮಾತು ಹೇಳಿ, ಕಟ್ಟಿ ಹಾಕ್ತೇವೆ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಂಟು ಹಲಗೆಯೂ ಬೇಡ. ಅದಕ್ಕೆ ಬೆಕ್ಕಿನ ಮರಿ, ಅರಣೆ, ಹಕ್ಕಿ ಎಲ್ಲವೂ ಸಿಕ್ಕಿಕೊಳ್ಳುತ್ತವೆ. ಮರಿ ಅಂಟಿಕೊಂಡರೆ ಎಳೆಯಬೇಡಿ, ತೆಂಗಿನೆಣ್ಣೆ ಹಚ್ಚಿ ನಿಧಾನ ಬಿಡಿಸಿ.

ಇಲಿಯ ಊಟ ಮತ್ತು ದಾರಿ ನಿಲ್ಲಿಸುವುದೂ ಈಗಲೇ ಆಗಬೇಕು. ಹಿಂಡಿ, ಅಕ್ಕಿ, ಕೋಳಿಯ ಕಾಳು ಮುಚ್ಚಳದ ಡಬ್ಬಿಗೆ ಹೋಗಲಿ. ಪೆನ್ಸಿಲ್ ತೂರುವಷ್ಟು ಸಂದಿ ಸುಂಡಿಲಿಗೆ ಸಾಕು, ಹೆಬ್ಬೆರಳು ತೂರುವಷ್ಟಿದ್ದರೆ ಇಲಿಯೂ ಬರುತ್ತದೆ. ಬಚ್ಚಲಿನ ನೀರು ಹೋಗುವ ತೂತಿಗೆ ಕಬ್ಬಿಣದ ಬಲೆ ಇಡಿ. ಹಂಚಿನ ಮಾಡಿಗೆ ತಾಗಿದ ಗೆಲ್ಲು ಕಡಿಯಿರಿ. ಹಂಚು, ಪಕ್ಕಾಸು, ರೀಪಿನ ನಡುವಿನ ಸಂದಿಗಳನ್ನೆಲ್ಲ ಮುಚ್ಚಲು ಆಗುವುದಿಲ್ಲ, ಅದು ನನಗೂ ಗೊತ್ತು. ಅಲ್ಲೇ ಬೆಕ್ಕಿನ ಕೆಲಸ ಶುರುವಾಗುವುದು.

ಯಾವ ಮರಿ ತರಬೇಕು

ದುಡ್ಡು ಕೊಟ್ಟು ಉದ್ದ ಕೂದಲಿನ ಜಾತಿಯ ಬೆಕ್ಕು ತರಬೇಡಿ. ಈ ಮಳೆ, ಈ ಸೆಕೆ ಅದಕ್ಕಾಗುವುದಿಲ್ಲ. ಊರಿನ ಬೆಕ್ಕೇ ಸರಿ. ತಾಯಿ ಇಲಿ ಹಿಡಿಯುವಂಥದ್ದಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಮರಿಗಳು ಕಲಿಯುವುದು ತಾಯಿಯಿಂದ. ತಾಯಿ ಮೊದಲು ಸತ್ತ ಇಲಿ ತಂದಿಡುತ್ತದೆ, ಆಮೇಲೆ ಅರೆಜೀವದ್ದು, ಕೊನೆಗೆ ಓಡುವಂಥದ್ದು. ಈ ಪಾಠ ಮುಗಿಯುವ ಮೊದಲೇ ಕಣ್ಣು ಬಿಟ್ಟ ಮರಿಯನ್ನು ಎತ್ತಿಕೊಂಡು ಬಂದರೆ ಏನು ಬಂತು? ಕನಿಷ್ಠ 8 ವಾರ ತಾಯಿಯ ಹತ್ತಿರ ಇರಲಿ, 12 ವಾರವಾದರೆ ಉತ್ತಮ.

ಒಂದೇ ಸೂಲಿನ ಎರಡು ಮರಿ ತನ್ನಿ. ಒಂಟಿ ಮರಿ ಜೊತೆ ಹುಡುಕಿಕೊಂಡು ಹೋಗುವುದು ಜಾಸ್ತಿ. ಕಣ್ಣಲ್ಲಿ ಪಿಸರು, ಮೂಗಲ್ಲಿ ನೀರು, ಡೋಲಿನಂಥ ಹೊಟ್ಟೆ ಇದ್ದ ಮರಿಯನ್ನು ವೈದ್ಯರಿಗೆ ತೋರಿಸದೆ ಮನೆಗೆ ಸೇರಿಸಬೇಡಿ. ಹಿಂದಿನ ಮರಿ ವಾಂತಿ ಭೇದಿಗೆ ಸತ್ತಿದ್ದರೆ ಅದು ಪ್ಯಾನ್‌ಲ್ಯೂಕೋಪೀನಿಯಾ ಎಂಬ ಬೆಕ್ಕುಗಳ ವೈರಸ್ ರೋಗ ಆಗಿರಬಹುದು. ಆ ವೈರಸ್ ನೆಲದಲ್ಲಿ ಒಂದು ವರ್ಷದವರೆಗೂ ಉಳಿಯುತ್ತದೆ. ನಮ್ಮಲ್ಲಿ ಎರಡನೇ ಮರಿ ಸತ್ತದ್ದು ಹೀಗೇ, ಮೊದಲನೆಯದು ಮಲಗಿದ್ದ ಅದೇ ಬುಟ್ಟಿಯಲ್ಲಿ. ಅಂಥ ಮನೆಗೆ ಇದರ ಲಸಿಕೆ ಎರಡೂ ಸಲ ಹಾಕಿಸಿದ ಬೆಕ್ಕನ್ನೇ ತರಬೇಕು.

ಮೊದಲ ಮೂರು ವಾರ ಹೊರಗೆ ಬಿಡಬೇಡಿ

ಗೋಣಿಯಲ್ಲಿ ಕಟ್ಟಿ ತಂದು ಅಂಗಳದಲ್ಲಿ ಬಿಚ್ಚಿದರೆ ಬೆಕ್ಕು ಒಂದೇ ಓಟಕ್ಕೆ ಗುಡ್ಡೆ ಹತ್ತುತ್ತದೆ. ನಮ್ಮದು ಮೂರನೇ ದಿನ ಹೋದದ್ದು ಹೀಗೆ. ಗಾಳಿಯಾಡುವ ಬುಟ್ಟಿಯಲ್ಲಿ ತನ್ನಿ. ಸೌದೆ ಕೊಟ್ಟಿಗೆಯೋ ಅಡಿಕೆ ಇಡುವ ಕೋಣೆಯೋ, ಮುಂದೆ ಅದು ಕೆಲಸ ಮಾಡಬೇಕಾದ ಜಾಗದಲ್ಲೇ ಮೂರು ವಾರ ಕೂಡಿಹಾಕಿ. ನೀರು, ಮಲಗಲು ಗೋಣಿ, ಒಂದು ಮೂಲೆಯಲ್ಲಿ ಮರಳೋ ಬೂದಿಯೋ ತುಂಬಿದ ಅಗಲ ಬಾಣಲೆ. ದಿನಾ ಅದನ್ನು ಬದಲಾಯಿಸಿ.

ಊಟಕ್ಕೊಂದು ಸದ್ದು ಗೊತ್ತು ಮಾಡಿ. ನಾನು ಬಿಸ್ಕತ್ತಿನ ಹಳೆಯ ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಮೂರು ಸಲ ತಟ್ಟುತ್ತೇನೆ. ತಟ್ಟಿ, ಹಾಕಿ, ಪಕ್ಕದಲ್ಲೇ ಸುಮ್ನೆ ಕೂರಿ. ಎತ್ತಿ ಮುದ್ದಾಡಲು ಹೋಗಬೇಡಿ, ಅದೇ ಬರಲಿ. ಮೂರು ವಾರವಾದ ಮೇಲೆ ಸಂಜೆ ಊಟಕ್ಕೆ ಒಂದು ಗಂಟೆ ಮೊದಲು ಬಾಗಿಲು ತೆರೆಯಿರಿ. ಆಗ ಹೊಟ್ಟೆ ಸ್ವಲ್ಪ ಹಸಿದಿರುತ್ತದೆ, ದೂರ ಹೋಗುವುದಿಲ್ಲ. ನಮ್ಮ ಈಗಿನ ಬೊಳ್ಳಿ ಮೊದಲ ದಿನ ಹೊಸ್ತಿಲು ದಾಟಲಿಲ್ಲ. ಮುಂಗಾಲು ಹೊರಗಿಟ್ಟು, ಒದ್ದೆ ಕಲ್ಲು ತಾಗಿದ್ದೇ ಕಾಲು ಕೊಡವಿ, ಒಳಗೆ ಹೋಗಿ ಗೋಣಿಯ ಮೇಲೆ ಕುಳಿತಿತು. ನಾಲ್ಕನೇ ದಿನ ಬಾಳೆಯ ಬುಡದವರೆಗೆ. ಈಗ ಮುಚ್ಚಳ ತಟ್ಟಿದರೆ ತೋಟದ ಕೆಳಗಿನ ಅಗಳಿನಿಂದಲೂ ಓಡಿ ಬರುತ್ತದೆ.

ಹಗಲು ಹೊರಗೆ, ರಾತ್ರಿ ಕೊಟ್ಟಿಗೆಯಲ್ಲಿ

ಈ ಇಡೀ ಬರಹದಲ್ಲಿ ಒಂದನ್ನು ಮಾತ್ರ ಮಾಡುವುದಾದರೆ ಇದನ್ನು ಮಾಡಿ. ಹೊತ್ತು ಮುಳುಗುವಾಗ ಊಟ ಹಾಕಿ, ಬೆಕ್ಕನ್ನು ಕೊಟ್ಟಿಗೆಯಲ್ಲೋ ಅಡಿಕೆ ಕೋಣೆಯಲ್ಲೋ ಸೇರಿಸಿ ಬಾಗಿಲು ಹಾಕಿ. ಇಲಿ ಓಡಾಡುವುದು ರಾತ್ರಿ, ಅದು ಬರುವುದು ಗೋಣಿ ಇರುವ ಕಡೆ. ಬೆಕ್ಕೂ ಅಲ್ಲೇ ಇರಬೇಕಲ್ವಾ? ರಾತ್ರಿಯಿಡೀ ಹೊರಗೆ ಬಿಟ್ಟರೆ ಅದು ಎರಡು ಮನೆ ಆಚೆ ಇರುತ್ತದೆ, ಇಲಿ ನಿಮ್ಮ ಅಟ್ಟದಲ್ಲಿರುತ್ತದೆ. ಬೀದಿನಾಯಿ, ನರಿ, ಹೆಬ್ಬಾವು, ಮುಳ್ಳೇರಿಯದಿಂದ ಅಡೂರಿನ ಕಡೆ ಹೋದರೆ ಚಿರತೆ, ಎಲ್ಲದರಿಂದಲೂ ರಾತ್ರಿ ಬೆಕ್ಕು ಉಳಿಯುತ್ತದೆ. ಬೆಳಗ್ಗೆ ಹಕ್ಕಿಗಳು ನೆಲಕ್ಕಿಳಿಯುವ ಹೊತ್ತು ಕಳೆದ ಮೇಲೆ ಬಾಗಿಲು ತೆರೆಯಿರಿ.

ಊಟ, ಸಸ್ಯಾಹಾರಿ ಮನೆಯ ಪ್ರಶ್ನೆಯೂ ಸೇರಿ

ಬೆಕ್ಕು ಮಾಂಸ ತಿಂದೇ ಬದುಕುವ ಪ್ರಾಣಿ. ಟಾರಿನ್ ಎಂಬ ಸತ್ವ ಅದಕ್ಕೆ ಬೇಕೇ ಬೇಕು, ಅದು ಸಿಗುವುದು ಮಾಂಸ, ಮೀನಿನಿಂದ. ಬರೀ ಹಾಲು ಅನ್ನ ಹಾಕಿದರೆ ನಿಧಾನವಾಗಿ ಕಣ್ಣು, ಹೃದಯ ಎರಡೂ ಕೆಡುತ್ತವೆ. ದೊಡ್ಡ ಬೆಕ್ಕುಗಳಿಗೆ ದನದ ಹಾಲು ಜೀರ್ಣವಾಗುವುದೂ ಕಷ್ಟ, ಹಲವಕ್ಕೆ ಭೇದಿಯಾಗುತ್ತದೆ. ಹಾಲು ಕರೆಯುವಾಗ ಎರಡು ಚಮಚ ಕೊಟ್ಟರೆ ತೊಂದರೆಯಿಲ್ಲ, ಅದನ್ನೇ ಊಟ ಎಂದುಕೊಳ್ಳಬೇಡಿ.

ಮೀನು ತಿನ್ನುವ ಮನೆಯಾದರೆ ಸುಲಭ. ಬೂತಾಯಿಯೋ ಬಂಗುಡೆಯೋ ಉಪ್ಪು ಖಾರ ಹಾಕದೆ ಬೇಯಿಸಿ ಸ್ವಲ್ಪ ಅನ್ನಕ್ಕೆ ಕಲಸಿ. ದಿನಾ ಹಸಿ ಮೀನು ಹಾಕಬೇಡಿ, ಕೆಲವು ಮೀನು ಹಸಿಯಾಗಿದ್ದರೆ ಬಿ1 ಜೀವಸತ್ವವನ್ನು ಹಾಳು ಮಾಡುತ್ತವೆ. ನೀರುಳ್ಳಿ, ಬೆಳ್ಳುಳ್ಳಿ ಹಾಕಿದ ಸಾರು ಬೆಕ್ಕಿಗೆ ವಿಷ.

ನಮ್ಮಂಥ ಮೀನು ಮಾಂಸ ತರದ ಮನೆಯಲ್ಲಿ ಏನು ಮಾಡುವುದು? ಇದರ ಬಗ್ಗೆ ಮನೆಯಲ್ಲಿ ಬಹಳ ಮಾತಾಯಿತು. ಅತ್ತೆಯವರಿಗೆ ಅಡುಗೆಮನೆಗೆ ಬರುವುದು ಬೇಡ. ಬೆಕ್ಕು ಸೊರಗುವುದು ನನಗೆ ಬೇಡ. ಕೊನೆಗೆ ಪ್ಯಾಕೆಟ್ಟಿನಲ್ಲಿ ಬರುವ ಬೆಕ್ಕಿನ ಒಣ ಆಹಾರವನ್ನು ಕೊಟ್ಟಿಗೆಯಲ್ಲೇ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟೆವು. ಹಾಕುವುದು ಅಡಿಕೆ ಹಾಳೆಯ ತಟ್ಟೆಯಲ್ಲಿ, ಹಳತಾದರೆ ಗೊಬ್ಬರದ ಗುಂಡಿಗೆ. ಪ್ಯಾಕೆಟ್ಟಿನಲ್ಲಿ ಟಾರಿನ್ ಇದೆಯೇ ನೋಡಿ. ನಾಯಿಯ ಆಹಾರ ಹಾಕಬೇಡಿ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 50 ರಿಂದ 60 ಗ್ರಾಂ ಸಾಕು. ಅರ್ಧ ಗಂಟೆಯಲ್ಲಿ ತಿಂದು ಉಳಿದದ್ದನ್ನು ಎತ್ತಿಬಿಡಿ. ರಾತ್ರಿ ಹಾಗೇ ಬಿಟ್ಟರೆ ಅದನ್ನು ತಿನ್ನಲು ಇಲಿಯೇ ಬರುತ್ತದೆ. ನೀರಿನ ಪಾತ್ರೆ ಮಾತ್ರ ಯಾವಾಗಲೂ ಇರಲಿ.

ಮೃಗಾಸ್ಪತ್ರೆಗೆ ಹೋಗುವ ಕೆಲಸಗಳು

ಮರಿಗೆ 8 ವಾರವಾದಾಗ ಮೂರು ರೋಗಗಳ ಒಟ್ಟು ಲಸಿಕೆ, ಮೂರು ನಾಲ್ಕು ವಾರ ಬಿಟ್ಟು ಎರಡನೇ ಸಲ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮತ್ತೆ ವರ್ಷ ವರ್ಷ. ಇಲಿ ತಿನ್ನುವ ಬೆಕ್ಕಿಗೆ ಹುಳದ ಮದ್ದು ಮೂರು ತಿಂಗಳಿಗೊಮ್ಮೆ ಬೇಕು, ತೂಕ ನೋಡಿ ಕೊಡಬೇಕು. ನಮ್ಮ ಪಂಚಾಯತಿನ ಮೃಗಾಸ್ಪತ್ರೆ ಇದೆ, ಲಸಿಕೆ ಬಂದಿದೆಯೇ ಎಂದು ಮೊದಲು ವಿಚಾರಿಸಿ ಹೋದರೆ ಒಂದು ದಿನ ಉಳಿಯುತ್ತದೆ.

ಐದಾರು ತಿಂಗಳಿಗೆ ಆಪರೇಷನ್ ಮಾಡಿಸಿ, ಗಂಡಾದರೂ ಹೆಣ್ಣಾದರೂ. ಹೆಣ್ಣು ನಾಲ್ಕು ಐದು ತಿಂಗಳಿಗೇ ಬೆದೆಗೆ ಬರಬಹುದು. ಗಬ್ಬ ಸುಮಾರು 65 ದಿನ. ವರ್ಷಕ್ಕೆ ಎರಡು ಮೂರು ಸೂಲು, ಸೂಲಿಗೆ ಮೂರು ನಾಲ್ಕು ಮರಿ. ಆ ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಪೇಟೆಯ ಮೀನು ಮಾರುಕಟ್ಟೆಯಲ್ಲಿ ಬಿಟ್ಟು ಬರುವ ಪದ್ಧತಿ ನಮ್ಮೂರಲ್ಲಿ ಈಗಲೂ ಇದೆ. ದಯವಿಟ್ಟು ಅದು ಬೇಡ. ಅವುಗಳಲ್ಲಿ ಬದುಕುವುದು ಬಹಳ ಕಡಿಮೆ. ಆಪರೇಷನ್ ಆದರೆ ಬೇಟೆ ಬಿಡುತ್ತದೆ ಎಂಬುದೂ ಸುಳ್ಳು. ಗಂಡು ಬೆಕ್ಕು ಹೆಣ್ಣು ಹುಡುಕಿಕೊಂಡು ಊರೂರು ಅಲೆಯುವುದು, ಕಚ್ಚಾಡಿ ಕಿವಿ ಹರಿದುಕೊಳ್ಳುವುದು ನಿಲ್ಲುತ್ತದೆ, ಮನೆಯಲ್ಲೇ ಇರುತ್ತದೆ. ಹೆಣ್ಣಿನ ಹೊಲಿಗೆ ಒಣಗುವವರೆಗೆ, ಹತ್ತು ದಿನ, ಹೊರಗೆ ಬಿಡಬೇಡಿ.

ಮನೆಮದ್ದು ಮಾಡುವವರು ಎರಡು ವಿಷಯ ನೆನಪಿಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ನಾಯಿಯ ಉಣ್ಣಿಗೆ ಹಾಕುವ, ಪರ್ಮೆಥ್ರಿನ್ ಇರುವ ಮದ್ದೂ ಹಾಗೇ.

ಬಾವಿ, ಸುರಂಗ, ಮೈಲುತುತ್ತು

ಕಟ್ಟೆ ತಗ್ಗಾಗಿರುವ ಬಾವಿಗೆ ಬಲೆ ಹಾಕಿ. ಬಾಯಾರು, ಪೆರ್ಲದ ಕಡೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ತುಂಬಿಸುವ ಮಣ್ಣಿನ ಕೆರೆಗಳಿವೆ. ಈಗ ಅವಕ್ಕೆ ಪ್ಲಾಸ್ಟಿಕ್ ಹಾಸುತ್ತಾರೆ. ಒಳಗೆ ಬಿದ್ದ ಬೆಕ್ಕಿಗೆ ಉಗುರು ಊರಲು ಜಾಗವೇ ಇರುವುದಿಲ್ಲ. ಒಂದು ಅಡಿಕೆ ಮರದ ಸಲಾಕೆಗೆ ಗೋಣಿ ಸುತ್ತಿ ಓರೆಯಾಗಿ ನೀರಿಗೆ ಇಳಿಬಿಡಿ. ಬೆಕ್ಕಷ್ಟೇ ಅಲ್ಲ, ಕೆಂಬೂತ, ಮುಂಗುಸಿ, ಕಪ್ಪೆ ಎಲ್ಲವೂ ಹತ್ತಿ ಬರುತ್ತವೆ.

ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವ ದಿನ ಬೆಕ್ಕನ್ನು ಕೂಡಿಹಾಕಿ. ಮೈಲುತುತ್ತು ಸುಣ್ಣದ ಹನಿ ಮೈಮೇಲೆ ಬಿದ್ದರೆ ಅದು ನೆಕ್ಕಿಯೇ ನೆಕ್ಕುತ್ತದೆ. ಎಲೆ ಒಣಗಿದ ಮೇಲೆ ಬಿಡಿ.

ಮಲಗುವ ಜಾಗ ನೆಲದಿಂದ ಮೂರು ನಾಲ್ಕು ಅಡಿ ಮೇಲಿರಲಿ. ಹಳೆಯ ಮರದ ಪೆಟ್ಟಿಗೆ, ಒಳಗೆ ಒಣ ಗೋಣಿ ಸಾಕು. ಆಷಾಢದಲ್ಲಿ ಗೋಣಿ ವಾರಕ್ಕೊಮ್ಮೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ.

ಹಾವು, ಹಕ್ಕಿ, ಮತ್ತು ನಮ್ಮ ಆರೋಗ್ಯ

ಬೆಕ್ಕಿದ್ದರೆ ಹಾವು ಬರುವುದಿಲ್ಲ ಎನ್ನುವವರಿದ್ದಾರೆ. ಇಲಿ ಕಡಿಮೆಯಾದರೆ ಹಾವು ಕಡಿಮೆಯಾಗುವುದು ನಿಜ. ಆದರೆ ಬೆಕ್ಕು ಹಾವಿನ ಮರಿಯನ್ನು ಜೀವಂತ ಕಚ್ಚಿಕೊಂಡು ಒಳಗೆ ತರುವುದೂ ಉಂಟು. ಬೆಕ್ಕು ಒಂದೇ ಕಡೆ ದಿಟ್ಟಿಸಿ, ಬಾಲ ಉಬ್ಬಿಸಿ ನಿಂತರೆ ಕೈ ಹಾಕಬೇಡಿ, ಟಾರ್ಚ್ ತನ್ನಿ. ಹಾವು ಹಿಡಿಯುವವರು ಬೇಕಾದರೆ ಕೇರಳ ಅರಣ್ಯ ಇಲಾಖೆಯ ಸರ್ಪ ಆ್ಯಪ್ ಇದೆ, ಮೊಬೈಲಿನಲ್ಲಿ ಮೊದಲೇ ಹಾಕಿಡಿ. ಕೇರೆ ಹಾವನ್ನು ಮಾತ್ರ ಓಡಿಸಬೇಡಿ, ಬೆಕ್ಕಿಗೆ ಆಗದ ದೊಡ್ಡ ಇಲಿಗಳನ್ನು ತಿನ್ನುವುದು ಅದೇ.

ನಾಗಬನ, ಕಾವು ಪಕ್ಕದಲ್ಲೇ ಇರುವ ಮನೆಯಾದರೆ, ಹಕ್ಕಿ ಗೂಡು ಕಟ್ಟುವ ತಿಂಗಳುಗಳಲ್ಲಿ ಬೆಕ್ಕು ಹಗಲೂ ಜಾಸ್ತಿ ಹೊತ್ತು ಒಳಗಿರಲಿ. ಕುತ್ತಿಗೆಗೆ ಪಟ್ಟಿ, ಗೆಜ್ಜೆ ಕಟ್ಟುವುದಾದರೆ ಎಳೆದರೆ ಬಿಚ್ಚಿಕೊಳ್ಳುವಂಥದ್ದೇ ಆಗಬೇಕು. ಗೆಲ್ಲಿಗೆ ಸಿಕ್ಕಿ ನೇತಾಡುವ ಅಪಾಯವಿದೆ. ಹೆಚ್ಚು ಬೆಕ್ಕು ಬೇಡ. ಒಂದು ಮನೆಗೆ ಎರಡು ಸಾಕು.

ಇಲಿ ಕಡಿಮೆಯಾಗಬೇಕು ಎನ್ನಲು ಅಡಿಕೆಯೊಂದೇ ಕಾರಣವಲ್ಲ. 2018ರ ನೆರೆಯ ನಂತರ ಕೇರಳದಲ್ಲಿ ಇಲಿಜ್ವರ ಹಬ್ಬಿದ್ದು ನೆನಪಿದೆಯಲ್ವಾ, ಮಲಯಾಳದ ಎಲಿಪ್ಪನಿ. ಇಲಿಯ ಮೂತ್ರ ಬೆರೆತ ಕೆಸರು, ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಬೆಕ್ಕು ಇದ್ದರೂ ತೋಟಕ್ಕೆ ಇಳಿಯುವಾಗ ಬೂಟು ಹಾಕಿ. ಮಳೆಗಾಲದಲ್ಲಿ ದಿನಾ ಕೆಸರಿನಲ್ಲಿ ಕೆಲಸ ಮಾಡುವವರು ಇಲಿಜ್ವರ ತಡೆಯಲು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಬೆಕ್ಕು ಕಚ್ಚಿದರೆ, ಪರಚಿದರೆ, ಅದು ನಮ್ಮದೇ ಆದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಬಸುರಿಯರು ಬೆಕ್ಕಿನ ಹೇಲು ಬಳಿಯುವ ಕೆಲಸ ಮಾಡಬಾರದು. ತರಕಾರಿ ಸಾಲಿನಲ್ಲಿ ಮಣ್ಣು ಕೆದಕುತ್ತಿದ್ದರೆ ಮೇಲೆ ಅಡಿಕೆ ಸೋಗೆ ಮುಚ್ಚಿ.

ಕೆಲಸ ಆಗುತ್ತಿದೆಯೇ ಎಂದು ನೋಡುವುದು

ಬೆಕ್ಕು ತರುವ ಮೊದಲು ಒಂದು ರಾತ್ರಿ ಅಟ್ಟದ ಹಲಗೆಯ ಮೇಲೆ, ಗೋಣಿಗಳ ನಡುವೆ, ಒಲೆಯ ಬೂದಿಯನ್ನು ತೆಳ್ಳಗೆ ಜರಡಿ ಹಿಡಿಯಿರಿ. ಬೆಳಗ್ಗೆ ಎಷ್ಟು ಹೆಜ್ಜೆ, ಬಾಲ ಎಳೆದ ಗೆರೆ ಎಷ್ಟು, ಒಂದು ಫೋಟೋ ತೆಗೆದಿಡಿ. ಬೆಕ್ಕು ಬಂದು ಮೂರು ತಿಂಗಳಾದ ಮೇಲೆ ಅದೇ ಜಾಗಕ್ಕೆ ಮತ್ತೆ ಬೂದಿ ಹಾಕಿ. ಕಡಿಮೆಯಾಗದಿದ್ದರೆ ಬೆಕ್ಕನ್ನು ಬೈಯಬೇಡಿ, ಎಲ್ಲೋ ಸಂದಿ ಉಳಿದಿದೆ ಅಥವಾ ಯಾವುದೋ ಡಬ್ಬಿಯ ಮುಚ್ಚಳ ತೆರೆದಿದೆ, ಅದನ್ನು ಹುಡುಕಿ. ಕಳೆದ ಮಳೆಗಾಲ ನಮ್ಮ ಬೂದಿಯಲ್ಲಿ ಸುಂಡಿಲಿಯ ಒಂದೇ ಒಂದು ಸಾಲು ಹೆಜ್ಜೆ ಇತ್ತು, ಗೋಡೆಯಿಂದ ಹೊರಟು ಎರಡು ಅಡಿ ಬಂದಿತ್ತು. ಅಲ್ಲಿಗೆ ಬೊಳ್ಳಿಯ ನಾಲ್ಕು ದುಂಡನೆಯ ಹೆಜ್ಜೆ ಸೇರಿತ್ತು, ಸುತ್ತಲಿನ ಬೂದಿ ಚೆದುರಿತ್ತು.